ತೂತಿನ ಬಣ್ಣ

ಕ್ಯಾಲೆಯ ಬಂದರಿಗೆ ಮಂಜು ಬಂದು ಮೂರು ದಿನ.
ಹಡಗು ಕಾಣುವುದಿಲ್ಲ, ಅದರ ಕೂಗು ಬರುತ್ತದೆ,
ಆಮೇಲೆ ಅರ್ಧ ಹಡಗು,
ಆಮೇಲೆ ಮುಕ್ಕಾಲು.

ಮುಚ್ಚಿದ ಲೇಸ್ ಗಿರಣಿಯ ಮೂರನೇ ಮಹಡಿಯಲ್ಲಿ
ಸೊಲೆನ್ ಒಂದು ಕಿಟಕಿಗೆ ಪರದೆ ಕಟ್ಟುತ್ತಿದ್ದಾಳೆ.
ಕಿಟಕಿ ಇರುವುದು ಒಂದು ಆಟದೊಳಗೆ.
ಅಲ್ಲಿ ರಾತ್ರಿ, ಒಂದು ಓಣಿ, ಒಂದು ಬೆಕ್ಕು,
ಎರಡು ಗಳಿಗೆ ಕೂಡ ಯಾರೂ ನಿಂತು ನೋಡದ ಪರದೆ.

ಚುಕ್ಕಿ ಚುಕ್ಕಿಗೂ ನಾಲ್ಕು ಅಂಕಿ:
ಕೆಂಪೆಷ್ಟು, ಹಸಿರೆಷ್ಟು, ನೀಲಿ ಎಷ್ಟು,
ನಾಲ್ಕನೆಯದು, ನೀನು ಇದ್ದೀಯೋ ಇಲ್ಲವೋ, ಇದ್ದರೆ ಎಷ್ಟು.
ಇನ್ನೂರೈವತ್ತೈದು ಎಂದರೆ ಪೂರಾ ಹಾಜರಿ.
ಸೊನ್ನೆ ಎಂದರೆ ಹಿಂದಿನವರಿಗೆ ದಾರಿ ಬಿಡು.
ನಡುವೆ ನೂರಾರು ಬಗೆಯ ಅರೆಬರೆ,
ಒಲ್ಲದ ಮದುವೆಯಲ್ಲಿ ಕುಳಿತವರ ಹಾಗೆ.

ನೂಲು ಉಳಿಸಿದಳು, ತೂತು ಅಳಿಸಿದಳು.
ಲೇಸ್ ಆಯಿತು, ಲೇಸಾಗಲಿಲ್ಲ:
ಎಳೆ ಎಳೆಯ ಅಂಚಿಗೂ ಕರೀ ಗೆರೆ,
ಮಸಿ ಕೈಯಲ್ಲಿ ಯಾರೋ ಹಿಂಡಿ ಒಣಹಾಕಿದಂತೆ.
ಅಂಚು ಕತ್ತರಿಸಿದಳು. ಇನ್ನಷ್ಟು ಕತ್ತರಿಸಿದಳು.
ನೂಲು ಬಡವಾಯಿತು,
ಕಪ್ಪು ಅದರ ಜೊತೆಗೇ ಒಳಗೆ ಸರಿಯಿತು.
ಹಾಳಾಗಿ ಹೋಗಲಿ ಎಂದು ಕುರ್ಚಿ ಹಿಂದಕ್ಕೆ ತಳ್ಳಿದಳು.

ಎದುರು ಮನೆಯ ಮರಿವೋನ್‌ಗೆ ಎಪ್ಪತ್ತೊಂಬತ್ತು.
ಇದೇ ಗಿರಣಿಯಲ್ಲಿ ಮೂವತ್ತೊಂದು ವರ್ಷ
ಯಂತ್ರ ತಪ್ಪಿಸಿದ ಕಣ್ಣುಗಳನ್ನು ಸೂಜಿಯಲ್ಲಿ ಕೂಡಿಸಿದವಳು.
ಪರದೆಯ ಮಾದರಿಗೆ ತುಣುಕು ಕೊಟ್ಟವಳೂ ಅವಳೇ;
ಸ್ಕ್ಯಾನ್ ಮುಗಿದಿತ್ತು, ಮರಳಿಸಬೇಕಿತ್ತು.

ಮುದುಕಿ ಅದನ್ನು ಮೇಜಿನ ಮೇಲೆ ಹರಡಿ
ಕನ್ನಡಕವಿಲ್ಲದೆ ಬೆರಳಲ್ಲೇ ಎಣಿಸಿದಳು, ಎಲ್ಲ ಬಂದಿದೆಯೇ ಎಂದು.
"ನೂಲಲ್ಲ ಮಗೂ, ನಾವು ಎಣಿಸುತ್ತಿದ್ದದ್ದು ತೂತು.
ನೂಲು ತನ್ನ ಪಾಡು ತಾನು ನೋಡಿಕೊಳ್ಳುತ್ತದೆ.
ತೂತು ಕೆಟ್ಟರೆ ಅಕ್ಕಪಕ್ಕದ್ದೆಲ್ಲ ಕೆಡುತ್ತದೆ."
ಕಾಫಿಗೆ ನೀರಿಟ್ಟು ತಿರುಗಿದರೆ
ಹುಡುಗಿ ಆಗಲೇ ಬೀದಿ ದಾಟಿದ್ದಳು.

ನಾಲ್ಕನೇ ಅಂಕಿಯನ್ನು ಕಳಚಿ ಬದಿಗಿಟ್ಟು
ತೂತಿನೊಳಗೆ ಏನಿದೆಯೆಂದು ಮೊದಲ ಸಲ ಇಣುಕಿದಳು.
ಕಪ್ಪು.
ಎಲ್ಲ ತೂತಿನಲ್ಲೂ ಕಪ್ಪು.
ಅಳಿಸಿದೆ ಎಂದುಕೊಂಡದ್ದು ಅಳಿದಿರಲಿಲ್ಲ.
ಪಾರದರ್ಶಕ ಎಂದು ಅವಳು ಕೈಬಿಟ್ಟ ಜಾಗಕ್ಕೆ
ಯಂತ್ರ ತನಗೆ ತೋಚಿದ್ದನ್ನು ತುಂಬಿತ್ತು.
ದೂರ ಹೋದಷ್ಟೂ ಚಿತ್ರ ಕಿರಿದಾಗುತ್ತದೆ,
ನಾಲ್ಕು ಚುಕ್ಕಿ ಒಂದರೊಳಗೆ ಇಕ್ಕಟ್ಟಾಗುತ್ತವೆ,
ಆಗ ಇರುವವರ ಬಣ್ಣಕ್ಕೆ
ಇಲ್ಲದವರ ಬಣ್ಣವೂ ಕಲಸಿಕೊಳ್ಳುತ್ತದೆ.
ಬರೀ ಸರಾಸರಿ ಲೆಕ್ಕ. ಅದಕ್ಕೆ ದ್ವೇಷವಿಲ್ಲ.

ಸಂಜೆಯವರೆಗೂ ತೂತುಗಳಿಗೆ ಬಣ್ಣ ಹಚ್ಚಿದಳು,
ಹಳೇ ಬೆಣ್ಣೆಯ ಬಣ್ಣ, ನೂಲಿನದೇ,
ಎಳೆಯಂಚಿನಿಂದ ಶುರುಮಾಡಿ ಬಯಲಿನ ನಡುವಿನವರೆಗೆ.
ಕಾಣದ ಕೆಲಸ. ಕಂಡರೆ ಕೆಟ್ಟಿತೆಂದೇ ಅರ್ಥ.
ನಾಲ್ಕನೆಯದನ್ನು ಮತ್ತೆ ಹೊದಿಸಿ
ಓಣಿಗಿಳಿದಳು.

ಪರದೆ ಇತ್ತು. ಅಂಚಿನಲ್ಲಿ ಕಲೆ ಇರಲಿಲ್ಲ.
ಹಿಂದೆ ಹಚ್ಚಿಟ್ಟ ದೀಪ
ತೂತು ತೂತಿನಲ್ಲೂ ಇಷ್ಟಿಷ್ಟೇ ಸೋರುತ್ತಿತ್ತು.
ಬೆಕ್ಕು ಹಾದುಹೋಯಿತು, ತಲೆ ಎತ್ತಲಿಲ್ಲ.

ಮುಂದೆ ಗಾಜು ಕೂರಿಸಿದರೆ ಪರದೆಯೇ ಮಾಯ!
ಯಾರು ಮೊದಲು, ಯಾರು ಆಮೇಲೆ,
ಅರೆಬರೆ ಇರುವವರ ಸರದಿಯ ಜಗಳ.
ಅದು ನಾಳೆಗಿರಲಿ.

ಕೋಟು ತೊಟ್ಟು ನಿಜವಾದ ಕಿಟಕಿಗೆ ಬಂದಳು.
ಎದುರು ಮನೆಯಲ್ಲಿ ದೀಪ,
ದೀಪದ ಮುಂದೆ ಯಾರೋ, ಅಥವಾ ಕುರ್ಚಿಯ ಬೆನ್ನು.
ಕೈ ಬೀಸಿದಳು.
ಇಷ್ಟು ಮಂಜಿಗೆ ನಾಲ್ಕನೇ ಅಂಕಿ ಎಷ್ಟು ಕೊಡಬೇಕು,
ನೂರೆಪ್ಪತ್ತೋ, ನೂರೆಂಬತ್ತೋ,
ಕಣ್ಣು ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿತ್ತು.